ಎರಡು ಆಂಟಿಬಯೋಟಿಕ್ ಆಯ್ತು, ಅವ್ವನ ಜ್ವರ ಇಳಿದಿಲ್ಲ. ಇವುಗಳಲ್ಲಿ ಲೈಟ್ ಯಾವುದು, ಸ್ಟ್ರಾಂಗ್ ಯಾವುದು?

ಗದ್ದೆಬದು
ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಅವ್ವನಿಗೆ ಜ್ವರ ಶುರುವಾಗಿ ವಾರ ದಾಟಿದೆ. ಮೊದಲು ಊರಿನ ಆರ್‌ಎಂಪಿ (ಎಂಬಿಬಿಎಸ್ ಓದದ ಹಳ್ಳಿ ವೈದ್ಯ) ಹತ್ತಿರ ತೋರಿಸಿದೆವು. ಸೂಜಿ ಮಾಡಿ ಸೆಫಿಕ್ಸಿಮ್ 200 ಗುಳಿಗೆ ಕೊಟ್ಟರು. ಇಳಿಯಲಿಲ್ಲ. ಪೇಟೆಗೆ ಕರ್ಕೊಂಡು ಹೋದೆವು. ಅಲ್ಲಿ "ಅದು ಲೈಟ್ ಡೋಸ್, ಸ್ವಲ್ಪ ಸ್ಟ್ರಾಂಗ್ ಬರೀತೀನಿ" ಅಂತ ಆಗ್ಮೆಂಟಿನ್ 625 ಬರೆದರು. ಹೊಟ್ಟೆ ಕೆಟ್ಟು ಭೇದಿ ಹತ್ತಿದ್ದೇ ಬಂತು, ಜ್ವರ ಹಾಗೇ ಇದೆ. ಈಗ ರಕ್ತ ಚೆಕ್ ಮಾಡಿ ಟೈಫಾಯ್ಡ್ ಅಂತಾರೆ, ವೈಡಲ್ 1:160 ಬಂದಿದೆಯಂತೆ. ಅಡ್ಮಿಟ್ ಆಗಿ, ಸಲೈನ್ ಹಚ್ಚಿ ಸೆಫ್ಟ್ರಿಯಾಕ್ಸೋನ್ ಕೊಡಬೇಕು ಅನ್ನುತ್ತಿದ್ದಾರೆ.

ನನಗೆ ತಿಳಿಯದ್ದು ಇಷ್ಟು. ಎಲ್ಲವೂ ಆಂಟಿಬಯೋಟಿಕ್ಕೇ ಅಂದ ಮೇಲೆ ಒಬ್ಬೊಬ್ಬರು ಒಂದೊಂದು ಯಾಕೆ ಕೊಡುತ್ತಾರೆ? ಲೈಟ್ ಯಾವುದು, ಸ್ಟ್ರಾಂಗ್ ಯಾವುದು? ಗೊತ್ತಿದ್ದವರು ಬಿಡಿಸಿ ಹೇಳಿ. ಸಲೈನ್ ಹಚ್ಚಿಸಿದರೆ ಬೇಗ ಇಳಿಯುತ್ತೆ ಅಂತ ಅಕ್ಕಪಕ್ಕದವರು ಬೇರೆ ತಲೆ ತಿನ್ನುತ್ತಿದ್ದಾರೆ.

ಹಂಪಿ ಎಕ್ಸ್‌ಪ್ರೆಸ್
ಅಡ್ಮಿಟ್ ಮಾಡಿಸಿಬಿಡಿ ಅಣ್ಣ. ಟೈಫಾಯ್ಡ್ ಜೊತೆ ಆಟ ಬೇಡ.

ಚೀಟಿ ತೋರ್ಸಿ
ಸಿಂಧನೂರಲ್ಲಿ ಔಷಧ ಅಂಗಡಿ ಇಟ್ಟಿದ್ದೇನೆ. ಈ ಲೈಟ್, ಸ್ಟ್ರಾಂಗ್ ಮಾತು ದಿನಾ ಕೇಳಿ ಕೇಳಿ ಸಾಕಾಗಿದೆ. 200ಕ್ಕಿಂತ 625 ದೊಡ್ಡ ನಂಬರ್, ಹಾಗಾಗಿ ಪವರ್ ಜಾಸ್ತಿ ಅಂತ ಜನ ತಿಳಿದುಕೊಂಡಿದ್ದಾರೆ. ಅದು ಬರೀ ಮಿಲಿಗ್ರಾಂ ಲೆಕ್ಕ. 625ರಲ್ಲಿ ಅಮಾಕ್ಸಿಸಿಲಿನ್ 500 ಇರುತ್ತೆ, ಕ್ಲಾವುಲಾನಿಕ್ ಆಸಿಡ್ 125 ಇರುತ್ತೆ. ಕೆಲವು ಬ್ಯಾಕ್ಟೀರಿಯಾ ಅಮಾಕ್ಸಿಸಿಲಿನ್ ಅನ್ನೇ ಒಡೆದು ಹಾಕುವ ಕಿಣ್ವ ಬಿಡುತ್ತವೆ, ಆ ಕಿಣ್ವವನ್ನು ತಡೆಯೋದು ಕ್ಲಾವುಲಾನಿಕ್ ಆಸಿಡ್ ಕೆಲಸ. ಅವ್ವನಿಗೆ ಭೇದಿ ಹತ್ತಿದ್ದಕ್ಕೂ ಬಹುಶಃ ಅದೇ ಕಾರಣ. ಊಟದ ಜೊತೆ ತೊಗೊಂಡರೆ ಸ್ವಲ್ಪ ಕಡಿಮೆ ಆಗುತ್ತೆ.

ಮುಖ್ಯ ವಿಷಯ ಇದಲ್ಲ. ಸೆಫಿಕ್ಸಿಮ್, ಆಗ್ಮೆಂಟಿನ್, ಈಗ ಹೇಳುತ್ತಿರುವ ಸೆಫ್ಟ್ರಿಯಾಕ್ಸೋನ್, ಮೂರೂ ಬೀಟಾ ಲ್ಯಾಕ್ಟಮ್ ಅನ್ನೋ ಒಂದೇ ಮನೆತನದವು. ಡಬ್ಬಿ ಬೇರೆ, ರೇಟ್ ಬೇರೆ, ಕೆಲಸ ಮಾಡುವ ದಾರಿ ಒಂದೇ.

ಸುಮ್ನೆ ಕೇಳ್ದೆ
ಒಂದೇ ಮನೆತನ ಅಂದ ಮೇಲೆ ಅಷ್ಟೊಂದು ಯಾಕೆ ಮಾಡಿದ್ದಾರೆ? ಕಂಪನಿಗಳಿಗೆ ದುಡ್ಡು ಆಗಲಿ ಅಂತಾನಾ?

ವಾರ್ಡ್ ರೌಂಡ್ಸ್
ಬಳ್ಳಾರಿಯಲ್ಲಿ ಮೆಡಿಸಿನ್ ಪಿಜಿ ಮಾಡುತ್ತಿದ್ದೇನೆ. ಡ್ಯೂಟಿ ಮುಗಿಸಿ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ.

ಚೀಟಿ ತೋರ್ಸಿ ಅವರು ಹೇಳಿದ್ದು ಸರಿ. ಬ್ಯಾಕ್ಟೀರಿಯಾಕ್ಕೆ ಸುತ್ತ ಒಂದು ಗೋಡೆ ಇರುತ್ತೆ. ಅದನ್ನು ಕಟ್ಟಲು ಬಿಡದೆ ಸಾಯಿಸುವುದು ಬೀಟಾ ಲ್ಯಾಕ್ಟಮ್‌ಗಳ ದಾರಿ. ಆದರೆ ಎಲ್ಲಾ ಬ್ಯಾಕ್ಟೀರಿಯಾದ ಗೋಡೆ ಒಂದೇ ತರಹ ಇಲ್ಲ. 1884ರಲ್ಲಿ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಅನ್ನುವ ಡೆನ್ಮಾರ್ಕಿನ ವೈದ್ಯರು ಒಂದು ಬಣ್ಣ ಹಾಕುವ ಪದ್ಧತಿ ಕಂಡುಹಿಡಿದರು, ಇವತ್ತಿಗೂ ಲ್ಯಾಬಲ್ಲಿ ಅದನ್ನೇ ಮಾಡುತ್ತೇವೆ. ದಪ್ಪ ಗೋಡೆಯವು ನೇರಳೆಯಾಗಿ ಉಳಿಯುತ್ತವೆ, ಅವು ಗ್ರಾಂ ಪಾಸಿಟಿವ್. ಗಂಟಲಿನ ಸ್ಟ್ರೆಪ್ಟೋಕಾಕಸ್, ಕುರು ಕೀವು ಮಾಡುವ ಸ್ಟೆಫೈಲೋಕಾಕಸ್ ಈ ಕಡೆಯವು. ತೆಳು ಗೋಡೆ, ಅದರ ಹೊರಗೆ ಇನ್ನೊಂದು ಪೊರೆ ಇದ್ದವು ಗುಲಾಬಿಯಾಗುತ್ತವೆ, ಗ್ರಾಂ ನೆಗೆಟಿವ್. ಉರಿಮೂತ್ರದ ಇ. ಕೋಲೈ, ಟೈಫಾಯ್ಡಿನ ಸಾಲ್ಮೊನೆಲ್ಲಾ ಆ ಕಡೆಯವು. ಹೊರಗಿನ ಪೊರೆ ದಾಟಿ ಹೋಗುವ ಶಕ್ತಿ ಒಂದೊಂದು ಔಷಧಕ್ಕೆ ಒಂದೊಂದು ತರಹ.

ಅದಕ್ಕೇ ಒಂದೇ ಮನೆತನದಲ್ಲಿ ಅಷ್ಟೊಂದು ಇರೋದು. ಚರ್ಮದ ಕೀವಿಗೆ ಮೊದಲ ತಲೆಮಾರಿನ ಸೆಫಲೆಕ್ಸಿನ್ ಚೆನ್ನಾಗಿ ಕೆಲಸ ಮಾಡುತ್ತೆ. ಮೂರನೇ ತಲೆಮಾರಿನ ಸೆಫಿಕ್ಸಿಮ್ ಕುರುವಿಗೆ ಕೊಟ್ಟರೆ ಬಹಳ ಉಪಯೋಗ ಇಲ್ಲ, ಟೈಫಾಯ್ಡಿಗೆ ಕೊಡಬಹುದು. ಯಾವುದು ಸ್ಟ್ರಾಂಗ್ ಅಂತ ಕೇಳಿದರೆ, ಯಾವ ಬ್ಯಾಕ್ಟೀರಿಯಾಕ್ಕೆ ಅಂತ ನಾನು ತಿರುಗಿ ಕೇಳಬೇಕಾಗುತ್ತೆ.

ಗದ್ದೆಬದು ಅವರೇ, ಈಗ ನಿಮಗೆ ಪ್ರಶ್ನೆ. ಡೆಂಗಿ, ಮಲೇರಿಯಾ ಪರೀಕ್ಷೆ ಮಾಡಿಸಿದ್ದೀರಾ? ಬ್ಲಡ್ ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡುವ ಪರೀಕ್ಷೆ) ಕಳಿಸಿದ್ದಾರಾ? ಅವ್ವ ಗದ್ದೆಗೆ ಕಳೆ ತೆಗೆಯಲು ಹೋಗುತ್ತಾರಾ? ಇನ್ನೊಂದು, ಮೈಮೇಲೆ ಎಲ್ಲಾದರೂ ಕಪ್ಪು ಹೆಕ್ಕಳೆ ಇದೆಯಾ ನೋಡಿ. ಬೀಡಿ ತಾಗಿ ಸುಟ್ಟ ಹಾಗೆ ಇರುತ್ತೆ, ನೋವೂ ಇರೋದಿಲ್ಲ, ತುರಿಕೆಯೂ ಇರೋದಿಲ್ಲ, ಹಾಗಾಗಿ ಅವರಿಗೇ ಗೊತ್ತಿರೋದಿಲ್ಲ. ಕಂಕುಳು, ತೊಡೆಸಂದು, ಎದೆಯ ಕೆಳಗೆ, ಸೀರೆ ಗಂಟು ಬೀಳುವ ಜಾಗ, ಎಲ್ಲಾ ನೋಡಿಸಿ. ಹೆಣ್ಣುಮಕ್ಕಳು ಯಾರಾದರೂ ನೋಡಿದರೆ ಒಳ್ಳೆಯದು.

ಹಂಪಿ ಎಕ್ಸ್‌ಪ್ರೆಸ್
ವೈಡಲ್ ಪಾಸಿಟಿವ್ ಬಂದಿದೆ ಅಂತ ಅವರೇ ಬರೆದಿದ್ದಾರಲ್ಲ ಸರ್. ಇನ್ನು ಹೆಕ್ಕಳೆ ಹುಡುಕೋದು ಯಾಕೆ?

ವಾರ್ಡ್ ರೌಂಡ್ಸ್
ವೈಡಲ್ ಬಂದಿದ್ದು 1896ರಲ್ಲಿ. ಅದು ರೋಗಾಣುವನ್ನು ಹುಡುಕುವುದಿಲ್ಲ, ಅದರ ವಿರುದ್ಧ ದೇಹ ಮಾಡಿಕೊಂಡ ಪ್ರತಿಕಾಯ ಎಷ್ಟಿದೆ ಅಂತ ನೋಡುತ್ತೆ. ಹಿಂದೆ ಯಾವಾಗಲೋ ಟೈಫಾಯ್ಡ್ ಬಂದು ಹೋಗಿದ್ದರೂ, ಲಸಿಕೆ ಹಾಕಿಸಿದ್ದರೂ, ಬೇರೆ ಜ್ವರ ಇದ್ದರೂ ಪಾಸಿಟಿವ್ ಬರಬಹುದು. ನಮ್ಮ ಕಡೆ ಆರೋಗ್ಯವಾಗಿ ಓಡಾಡುವವರ ರಕ್ತ ತೆಗೆದರೂ ಕೆಲವರಲ್ಲಿ ಇಷ್ಟು ಬರುತ್ತೆ. ಒಂದು ಸಲದ 1:160 ನೋಡಿ ಟೈಫಾಯ್ಡ್ ಅಂತ ಗಟ್ಟಿಯಾಗಿ ಹೇಳಲು ಆಗಲ್ಲ. ಬ್ಲಡ್ ಕಲ್ಚರ್ ಬೇಕು, ಅದೂ ಆಂಟಿಬಯೋಟಿಕ್ ಶುರು ಮಾಡುವ ಮೊದಲೇ ತೆಗೆದರೆ ಒಳ್ಳೆಯದು. ಅವರಿಗೆ ಆಗಲೇ ಎರಡು ಕೊಟ್ಟಾಗಿದೆ.

ಬಿಸಿಲೂರು
ರಾಯಚೂರಲ್ಲಿ ವೈಡಲ್ ಪಾಸಿಟಿವ್ ಬರದವರು ಯಾರಿದ್ದಾರೆ ಹೇಳಿ. ಜ್ವರ ಬಂದ ಸಂಜೆಯೇ "ಟೈಫಾಯ್ಡ್ ಎಷ್ಟು ಪಾಯಿಂಟ್ ಬಂತು" ಅಂತ ಮಾತು ಶುರು. 2022ರಲ್ಲಿ ನಗರದ ನಳದ ನೀರು ಕೆಟ್ಟು ಜನ ಸತ್ತಾಗ ನಾಲ್ಕು ದಿನ ಗದ್ದಲ ಆಯ್ತು, ಆಮೇಲೆ ಮರೆತರು. ನೀರು ಸರಿ ಮಾಡೋದು ಬಿಟ್ಟು ಎಲ್ಲರ ರಕ್ತ ಚೆಕ್ ಮಾಡುತ್ತಾ ಕೂತಿದ್ದೇವೆ.

ಇನ್ನೊಂದು ಮಾತು. ಎಲ್ಲರೂ ಆರ್‌ಎಂಪಿಗಳನ್ನು ಬೈಯಲು ರೆಡಿ ಆಗುತ್ತೀರಿ ಅಂತ ಗೊತ್ತು. ರಾತ್ರಿ 11ಕ್ಕೆ ಮಗುವಿಗೆ ಜ್ವರ ಏರಿದರೆ ಹಳ್ಳಿಗೆ ಎಂಬಿಬಿಎಸ್ ಬರುತ್ತಾರಾ? ಬಾಗಿಲು ತೆಗೆಯೋದು ಅವನೊಬ್ಬನೇ.

ನೈಟ್ ಡ್ಯೂಟಿ ಅಕ್ಕ
ಬಾಗಿಲು ತೆಗೀಲಿ, ಬೇಡ ಅನ್ನೋದಿಲ್ಲ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗ್ಗೆ ದೊಡ್ಡಾಸ್ಪತ್ರೆಗೆ ಹೋಗಿ ಅನ್ನಲಿ. ಬಂದವರಿಗೆಲ್ಲ ಜೆಂಟಾಮೈಸಿನ್ ಸೂಜಿ ಯಾಕೆ? ನಾನು ನರ್ಸ್. ಹೀಗೆ ವಾರಗಟ್ಟಲೆ ಹಳ್ಳಿಯಲ್ಲಿ ಸೂಜಿ ಮಾಡಿಸಿಕೊಂಡು ಮೂತ್ರ ಕಡಿಮೆಯಾಗಿ ಬಂದ ಮುದುಕರನ್ನು ನಮ್ಮ ವಾರ್ಡಲ್ಲಿ ನೋಡಿದ್ದೇನೆ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯೇಟಿನಿನ್ ಏರಿರುತ್ತೆ. ಕೆಲವರಿಗೆ ಕಿವಿಯಲ್ಲಿ ಗುಂಯ್ ಅನ್ನುತ್ತೆ, ನಡೆದರೆ ತೂರಾಡುತ್ತಾರೆ. ಅಮಿನೋಗ್ಲೈಕೋಸೈಡ್ ಜಾತಿಯದು ಅದು. ಜೆಂಟಾಮೈಸಿನ್, ಅಮಿಕಾಸಿನ್, ಹಳೇ ಟಿಬಿ ಸೂಜಿ ಸ್ಟ್ರೆಪ್ಟೋಮೈಸಿನ್ ಎಲ್ಲಾ ಒಂದೇ. ಗ್ರಾಂ ನೆಗೆಟಿವ್ ಸೋಂಕಿಗೆ ಬಹಳ ಒಳ್ಳೆಯ ಔಷಧ, ಆದರೆ ಕಿಡ್ನಿಗೂ ಕಿವಿಗೂ ಹೊಡೆತ ಕೊಡುತ್ತೆ. ಕಿವಿಗೆ ಆದ ಪೆಟ್ಟು ಸಾಮಾನ್ಯವಾಗಿ ವಾಪಸ್ ಬರೋದಿಲ್ಲ. ನಾವು ಆಸ್ಪತ್ರೆಯಲ್ಲಿ ತೂಕ ನೋಡಿ, ಕ್ರಿಯೇಟಿನಿನ್ ನೋಡಿ ಕೊಡುತ್ತೇವೆ. ಕಟ್ಟೆ ಮೇಲೆ ಕೂರಿಸಿ ಕೊಡೋದಲ್ಲ.

ಬಿಸಿಲೂರು
ಅಕ್ಕಾರೆ, ದೊಡ್ಡಾಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತೆ, ಬಸ್ ಚಾರ್ಜ್ ಬೇರೆ. ಕೂಲಿಯವರು ಒಂದು ಸೂಜಿಗೆ ಎದ್ದು ಕೂರಬೇಕು ಅಂತ ತಾವೇ ಕೇಳುತ್ತಾರೆ. ಸೂಜಿ ಮಾಡದೆ ಕಳಿಸಿದ ಡಾಕ್ಟರನ್ನು "ಅವನಿಗೇನು ಬರಲ್ಲ" ಅಂತಾರೆ. ಅದನ್ನೂ ಹೇಳಿ.

ನೈಟ್ ಡ್ಯೂಟಿ ಅಕ್ಕ
ಅದು ನಿಜ ಬಿಡಿ.

ಚೀಟಿ ತೋರ್ಸಿ
ಅಂಗಡಿಯಲ್ಲೂ ಇದೇ ಕಥೆ. "ನೆಗಡಿಗೆ ಅಜಿತ್ರೋ ಎರಡು ಕೊಡಿ" ಅಂತ ಬರುತ್ತಾರೆ. ಕೋವಿಡ್ ಟೈಮಲ್ಲಿ ಆ ಹೆಸರು ಎಲ್ಲರ ಬಾಯಿಗೆ ಬಂತು. ನೆಗಡಿ ವೈರಸ್ಸಿಂದ ಬರೋದು, ಅದಕ್ಕೆ ಯಾವ ಆಂಟಿಬಯೋಟಿಕ್ಕೂ ನಾಟಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಚೀಟಿ ಇಲ್ಲದೆ ಕೊಡಬಾರದು, 2016ರಲ್ಲಿ ಕೇಂದ್ರ ಸರ್ಕಾರ ಇದನ್ನು ಜನಕ್ಕೆ ತಿಳಿಸಲು ಅಭಿಯಾನವನ್ನೇ ಮಾಡಿತು. ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್ ತರಹದವು ಶೆಡ್ಯೂಲ್ ಎಚ್1, ಅಂದರೆ ಮಾರಾಟಕ್ಕೆ ಬಿಗಿ ನಿಯಮ ಇರುವ ಔಷಧಗಳ ಪಟ್ಟಿಯವು. 2014ರ ಮಾರ್ಚಿಂದ ಅವಕ್ಕೆ ಬೇರೆ ರಿಜಿಸ್ಟರ್ ಇಡಬೇಕು. ಡಾಕ್ಟರ್ ಹೆಸರು, ಪೇಷಂಟ್ ಹೆಸರು, ಎಷ್ಟು ಕೊಟ್ಟೆ ಎಲ್ಲಾ ಬರೆದು ಮೂರು ವರ್ಷ ಜೋಪಾನ ಮಾಡಬೇಕು. ನಾನು ಬರೆಯುತ್ತೇನೆ. ಎಲ್ಲರೂ ಬರೆಯುತ್ತಾರಾ ಅಂತ ನನ್ನನ್ನು ಕೇಳಬೇಡಿ.

ಸುಮ್ನೆ ಕೇಳ್ದೆ
ಅಜಿತ್ರೋ ಒಳ್ಳೆಯದೇ ರೀ. ಮೂರು ದಿನ ತೊಗೊಂಡರೆ ಮುಗೀತು. ಉಳಿದವು ಐದು ದಿನ, ಏಳು ದಿನ ನುಂಗಬೇಕು.

ವಾರ್ಡ್ ರೌಂಡ್ಸ್
ಮೂರು ದಿನಕ್ಕೆ ಮುಗಿಯೋದು ಯಾಕೆ ಗೊತ್ತಾ? ಅದು ಮೈಯ ಅಂಗಾಂಶಗಳಲ್ಲಿ ಸೇರಿಕೊಂಡು ನಿಧಾನಕ್ಕೆ ಹೊರಗೆ ಹೋಗುತ್ತೆ. ಅರ್ಧ ಕಡಿಮೆ ಆಗಲು 68 ಗಂಟೆಯ ಹತ್ತಿರ ಬೇಕು. ನೀವು ಗುಳಿಗೆ ನಿಲ್ಲಿಸಿದ ಮೇಲೂ ದಿನಗಟ್ಟಲೆ ಒಳಗೆ ಇರುತ್ತೆ. ಮ್ಯಾಕ್ರೋಲೈಡ್ ಗುಂಪು ಇದು, ಬ್ಯಾಕ್ಟೀರಿಯಾ ಪ್ರೋಟೀನ್ ಮಾಡುವುದನ್ನು ನಿಲ್ಲಿಸುತ್ತೆ. ಗೋಡೆಯೇ ಇಲ್ಲದ ಮೈಕೋಪ್ಲಾಸ್ಮಾ ತರಹದ ನ್ಯುಮೋನಿಯಾಕ್ಕೆ ಬೀಟಾ ಲ್ಯಾಕ್ಟಮ್ ಕೆಲಸಕ್ಕೆ ಬಾರದು, ಅಲ್ಲಿ ಇದು ಬೇಕು. ಟೈಫಾಯ್ಡಿಗೂ ಈಗ ಮುಖ್ಯ ಗುಳಿಗೆ. ಪಾಕಿಸ್ತಾನದ ಸಿಂಧ್‌ನಲ್ಲಿ 2016ರಿಂದ ಹಬ್ಬಿದ ಟೈಫಾಯ್ಡ್ ತಳಿಗೆ ಸೆಫ್ಟ್ರಿಯಾಕ್ಸೋನ್ ಕೂಡ ನಾಟಲಿಲ್ಲ, ಬಾಯಲ್ಲಿ ಕೊಡಬಹುದಾದ ಔಷಧ ಅಂತ ಉಳಿದಿದ್ದು ಅಜಿತ್ರೋಮೈಸಿನ್ ಒಂದೇ. ನೆಗಡಿಗೆ ಅದನ್ನು ಖರ್ಚು ಮಾಡಿದರೆ ಹೊಟ್ಟೆ ಉರಿಯುತ್ತೆ ನನಗೆ.

ಹೃದಯದ ಬಡಿತದಲ್ಲಿ ತೊಂದರೆ ಇದ್ದವರಿಗೆ ಅಪಾಯವೂ ಇದೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು.

ಮಾನ್ವಿ ಮೇಷ್ಟ್ರು
ಪೂರ್ತಿ ಕೋರ್ಸ್ ಮುಗಿಸಲೇಬೇಕು. ಅರ್ಧಕ್ಕೆ ಬಿಟ್ಟರೆ ರೋಗಾಣು ಬಲಿಯುತ್ತೆ. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ತೊಗೊಳ್ಳುವಾಗಲೇ, ಕಡಿಮೆ ಪ್ರಮಾಣದಲ್ಲಿ ತೊಗೊಂಡರೆ ಬ್ಯಾಕ್ಟೀರಿಯಾ ನಿರೋಧಕ ಶಕ್ತಿ ಬೆಳೆಸಿಕೊಳ್ಳುತ್ತೆ ಅಂತ ಎಚ್ಚರಿಸಿದ್ದರು.

ಸುಮ್ನೆ ಕೇಳ್ದೆ
ಮೇಷ್ಟ್ರೇ, ಅದು ಹಳೇ ಪಾಠ. ಕೋರ್ಸ್ ಮುಗಿಸಿ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ ಅಂತ 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಲ್ಲೇ ಬಂದಿದೆ. ಬೇಕಿಲ್ಲದೆ ಜಾಸ್ತಿ ದಿನ ತೊಗೊಂಡರೇ ನಿರೋಧಕತೆ ಬೆಳೆಯುತ್ತೆ ಅಂತಾರೆ.

ಮಾನ್ವಿ ಮೇಷ್ಟ್ರು
ಇದನ್ನು ಓದಿ ನಾಳೆ ಟಿಬಿ ಪೇಷಂಟ್ ಒಬ್ಬ ಗುಳಿಗೆ ಬಿಟ್ಟರೆ ಜವಾಬ್ದಾರಿ ನಿಮ್ಮದಾ?

ವಾರ್ಡ್ ರೌಂಡ್ಸ್
ಇಬ್ಬರೂ ಸ್ವಲ್ಪ ಸ್ವಲ್ಪ ಸರಿ. ಸಾಧಾರಣ ನ್ಯುಮೋನಿಯಾ ಚೇತರಿಸಿಕೊಳ್ಳುತ್ತಿದ್ದರೆ 5 ದಿನ ಸಾಕು, ಮೊದಲು ಜಾಸ್ತಿ ಕೊಡುತ್ತಿದ್ದೆವು. ಹೆಂಗಸರ ಸಾದಾ ಉರಿಮೂತ್ರಕ್ಕೂ ಕಡಿಮೆ ದಿನ ಸಾಕು. ಆದರೆ ಟಿಬಿಗೆ ಸಾಮಾನ್ಯವಾಗಿ 6 ತಿಂಗಳು, ಅಲ್ಲಿ ಮಾತೇ ಇಲ್ಲ, ನಡುವೆ ಬಿಟ್ಟರೆ ಕೆಟ್ಟದ್ದೇ. ಮಕ್ಕಳಿಗೆ ಗಂಟಲು ಸೋಂಕಿನ ನಂತರ ಕೀಲು ಊದಿ ಹೃದಯದ ಕವಾಟ ಹಾಳಾಗುವ ರುಮ್ಯಾಟಿಕ್ ಜ್ವರ ಬಂದರೆ ಬೆಂಜಥೀನ್ ಪೆನಿಸಿಲಿನ್ ಸೂಜಿಯನ್ನು 3 ವಾರಕ್ಕೊಮ್ಮೆ ವರ್ಷಗಟ್ಟಲೆ ಕೊಡುತ್ತೇವೆ. ವಿಚಿತ್ರ ಅಂದರೆ ಆ ಗಂಟಲಿನ ಸ್ಟ್ರೆಪ್ಟೋಕಾಕಸ್‌ಗೆ ಪೆನಿಸಿಲಿನ್ ಇವತ್ತಿಗೂ ನಾಟುತ್ತೆ. ಎಷ್ಟು ದಿನ ಅನ್ನೋದು ರೋಗದ ಮೇಲೆ. ಅದನ್ನು ಡಾಕ್ಟರ್ ಹೇಳಬೇಕು, ನಾವೇ ತೀರ್ಮಾನ ಮಾಡೋದಲ್ಲ.

ದಾಳಿಂಬೆ ತೋಟ
ಸುಮ್ಮನೆ ಓದುತ್ತಾ ಇದ್ದೆ, ಸ್ಟ್ರೆಪ್ಟೋಮೈಸಿನ್ ಹೆಸರು ಕಂಡು ಬರೆಯುತ್ತಿದ್ದೇನೆ. ನಾವು ಕುಷ್ಟಗಿ ಕಡೆಯವರು. ದಾಳಿಂಬೆಗೆ ದುಂಡಾಣು ಅಂಗಮಾರಿ ಬಂದರೆ ಎಲ್ಲರೂ ಹೊಡೆಯೋದು ಸ್ಟ್ರೆಪ್ಟೋಸೈಕ್ಲಿನ್. ಸಣ್ಣ ಪೊಟ್ಟಣ ಬರುತ್ತೆ, ಕಾಪರ್ ಆಕ್ಸಿಕ್ಲೋರೈಡ್ ಜೊತೆ ಕಲಸಿ ಹೊಡೆಯುತ್ತೇವೆ. ಪೊಟ್ಟಣದ ಮೇಲೆ ಸ್ಟ್ರೆಪ್ಟೋಮೈಸಿನ್ ಸಲ್ಫೇಟ್ 90%, ಟೆಟ್ರಾಸೈಕ್ಲಿನ್ 10% ಅಂತ ಬರೆದಿರುತ್ತೆ. ಇದು ನೀವು ಹೇಳುವ ಟಿಬಿ ಔಷಧವೇನಾ?

ವಾರ್ಡ್ ರೌಂಡ್ಸ್
ಅದೇ ಅಣ್ಣ.

ದಾಳಿಂಬೆ ತೋಟ
ಯಪ್ಪಾ! ಮಳೆ ಹಿಡಿದರೆ ವಾರಕ್ಕೊಮ್ಮೆ ಹೊಡೆಯುವವರಿದ್ದಾರೆ. ಮಾಸ್ಕೂ ಇಲ್ಲ, ಕೈಗವಸೂ ಇಲ್ಲ.

ಗಿರಣಿ ಮುಂದೆ
ಭತ್ತದ ಎಲೆ ಅಂಗಮಾರಿಗೂ ಅದನ್ನೇ ಹೊಡೆಯುತ್ತಾರೆ. ಕೇಂದ್ರ ಕೃಷಿ ಇಲಾಖೆ 2021ರ ಡಿಸೆಂಬರಲ್ಲಿ ಇದನ್ನು ನಿಲ್ಲಿಸುವ ಕರಡು ಆದೇಶ ಹೊರಡಿಸಿತ್ತು. ಕೋಳಿ ಫಾರಂಗಳಲ್ಲಿ ಕೊಲಿಸ್ಟಿನ್ ಅನ್ನು 2019ರಲ್ಲೇ ನಿಷೇಧ ಮಾಡಿದರು. ಕೊಲಿಸ್ಟಿನ್ ಅಂದರೆ ಐಸಿಯುನಲ್ಲಿ ಬೇರೆ ಯಾವುದೂ ನಾಟದಿದ್ದಾಗ ಕೊಡುವ ಔಷಧ, ಅದನ್ನು ಕೋಳಿ ದಪ್ಪ ಆಗಲಿ ಅಂತ ಹಾಕುತ್ತಿದ್ದರು. ಡಾಕ್ಟರನ್ನೂ ಪೇಷಂಟನ್ನೂ ಬೈದು ಕೂತರೆ ಆಗಲ್ಲ, ತೋಟ ಫಾರಂ ಕಡೆಗೂ ನೋಡಬೇಕು.

ಕುರಿಮಂದೆ
ಕುರಿಗೂ ಆಕ್ಸಿಟೆಟ್ರಾಸೈಕ್ಲಿನ್ ಸೂಜಿ ನಾವೇ ಹಾಕುತ್ತೇವೆ. ಅದೂ ತಪ್ಪಾ?

ವಾರ್ಡ್ ರೌಂಡ್ಸ್
ಪಶುವೈದ್ಯರನ್ನು ಕೇಳಿ ಹಾಕಿ, ಸೂಜಿ ಹಾಕಿದ ಮೇಲೆ ಎಷ್ಟು ದಿನ ಹಾಲು, ಮಾಂಸ ಮಾರಬಾರದು ಅಂತ ಬಾಟಲಿ ಮೇಲೆ ಇರುತ್ತೆ, ಪಾಲಿಸಿ. ನಿಮಗೆ ಇನ್ನೊಂದು ಹೇಳಬೇಕು. ಕಂದು ಹಾಕಿದ (ಗರ್ಭ ಜಾರಿದ) ಕುರಿಯ ಮಾಸನ್ನು ಬರಿಗೈಲಿ ಎಳೆಯಬೇಡಿ. ಬ್ರುಸೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಹತ್ತಿದರೆ ಬಿಟ್ಟು ಬಿಟ್ಟು ಜ್ವರ ಬರುತ್ತೆ, ಸೊಂಟ ಕೀಲು ಹಿಡಿಯುತ್ತೆ, ತಿಂಗಳಾನುಗಟ್ಟಲೆ ಕಾಡುತ್ತೆ. ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಸೇರಿಸಿ 6 ವಾರ ಕೊಡಬೇಕಾಗುತ್ತೆ.

ಗದ್ದೆಬದು
ವಾರ್ಡ್ ರೌಂಡ್ಸ್ ಸರ್, ತಂಗಿ ಕೈಲಿ ನೋಡಿಸಿದೆ. ಎಡಗಡೆ ಸೊಂಟದ ಹತ್ತಿರ, ಲಂಗದ ದಾರ ಬಿಗಿಯುವ ಜಾಗದಲ್ಲಿ, ಒಂದು ಕಪ್ಪು ಹೆಕ್ಕಳೆ ಇದೆ. ಸುತ್ತ ಕೆಂಪಗಿದೆ. ಕೇಳಿದರೆ ಅವ್ವ "ದಾರ ಒತ್ತಿ ಗಾಯ ಆಗಿರಬೇಕು, ಅದೇನು ಹೇಳೋದು" ಅಂದಳು. ಹೌದು, ಗದ್ದೆಗೆ ಹೋಗುತ್ತಾಳೆ, ಬದುವಿನ ಹುಲ್ಲು ಕೊಯ್ಯುತ್ತಾಳೆ. ಡೆಂಗಿ, ಮಲೇರಿಯಾ ನೆಗೆಟಿವ್.

ವಾರ್ಡ್ ರೌಂಡ್ಸ್
ಇವತ್ತೇ ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕರ್ಕೊಂಡು ಹೋಗಿ, ಆ ಹೆಕ್ಕಳೆ ತೋರಿಸಿ. ಸ್ಕ್ರಬ್ ಟೈಫಸ್ ಇರಬಹುದು. ಹುಲ್ಲು ಪೊದೆಗಳಲ್ಲಿ ಇರುವ ಒಂದು ಜಾತಿಯ ನುಸಿಯ ಮರಿ ಕಚ್ಚಿದರೆ ಬರುತ್ತೆ. ಈ ರೋಗಾಣು ನಮ್ಮ ಜೀವಕೋಶದ ಒಳಗೇ ಸೇರಿಕೊಂಡು ಬೆಳೆಯುತ್ತೆ. ಸೆಫಿಕ್ಸಿಮ್, ಆಗ್ಮೆಂಟಿನ್, ಸೆಫ್ಟ್ರಿಯಾಕ್ಸೋನ್, ಆ ಮನೆತನದ ಯಾವುದು ಕೊಟ್ಟರೂ ನಾಟಲ್ಲ. ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೋಮೈಸಿನ್ ಬೇಕು. ಮೂತ್ರ ಕಡಿಮೆ, ಉಬ್ಬಸ, ಮಂಕು ಏನಾದರೂ ಇದ್ದರೆ ಬೆಳಗಾಗೋವರೆಗೂ ಕಾಯಬೇಡಿ. ತಡ ಆದರೆ ಪುಪ್ಪುಸ, ಕಿಡ್ನಿಗೆ ಹೋಗುತ್ತೆ. ಟೈಫಾಯ್ಡ್ ಅಲ್ಲವೇ ಅಲ್ಲ ಅಂತ ನಾನು ಹೇಳುತ್ತಿಲ್ಲ, ಅಲ್ಲಿ ನೋಡಿ ತೀರ್ಮಾನ ಮಾಡುತ್ತಾರೆ. ಇಲ್ಲಿ ಓದಿ ಅಂಗಡಿಯಿಂದ ಗುಳಿಗೆ ತರಬೇಡಿ.

ಹಂಪಿ ಎಕ್ಸ್‌ಪ್ರೆಸ್
ಬೇಗ ಹೋಗಿ ಅಣ್ಣ. ಗಾಡಿ ಬೇಕಾದರೆ ಹೇಳಿ, ನಾನು ಕೊಪ್ಪಳದಲ್ಲೇ ಇರೋದು.

ಬಿಸಿಲೂರು
ಅವರು ಹೋಗಿ ಬರಲಿ. ಅಷ್ಟರಲ್ಲಿ ಒಂದು ಕೇಳಬೇಕಿತ್ತು. ಸಿಪ್ರೋ ಬಗ್ಗೆ ಯಾರೂ ಮಾತೇ ಆಡಲಿಲ್ಲ. ನಮ್ಮ ಚಿಕ್ಕಂದಿನಲ್ಲಿ ಎಲ್ಲದಕ್ಕೂ ಸಿಪ್ರೋ ಕೊಡುತ್ತಿದ್ದರು. ಟೈಫಾಯ್ಡಿಗೂ ಅದೇ, ಹೊಟ್ಟೆಗೂ ಅದೇ.

ಚೀಟಿ ತೋರ್ಸಿ
ಅದಕ್ಕೇ ಈಗ ಟೈಫಾಯ್ಡಿಗೆ ನಾಟದ ಹಾಗೆ ಆಗಿದೆ. ಫ್ಲೋರೋಕ್ವಿನೋಲೋನ್ ಗುಂಪು. ಸಿಪ್ರೋ, ಆಫ್ಲಾಕ್ಸಾಸಿನ್, ಲೆವೊ. ಬ್ಯಾಕ್ಟೀರಿಯಾ ತನ್ನ ಡಿಎನ್ಎ ನಕಲು ಮಾಡುವುದನ್ನೇ ತಡೆಯುತ್ತವೆ. ಸಿಪ್ರೋ ಗ್ರಾಂ ನೆಗೆಟಿವ್‌ಗೆ ಚೆನ್ನ, ಲೆವೊ ಎದೆಯ ಸೋಂಕಿಗೂ ಆಗುತ್ತೆ. ಅಡ್ಡ ಪರಿಣಾಮ ಜಾಸ್ತಿ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಊದೋದು, ಹರಿಯೋದೂ ಆಗಬಹುದು. ವಯಸ್ಸಾದವರು, ಸ್ಟೀರಾಯ್ಡ್ ತೊಗೊಳ್ಳುವವರು ಹುಷಾರಾಗಿರಬೇಕು. ಶುಗರ್ ಗುಳಿಗೆ ತೊಗೊಳ್ಳುವವರಿಗೆ ಶುಗರ್ ಧುತ್ತನೆ ಇಳಿಯಬಹುದು. 2016ರಲ್ಲಿ ಎಫ್‌ಡಿಎ, ಬೇರೆ ದಾರಿ ಇದ್ದರೆ ಸಣ್ಣಪುಟ್ಟ ಸೋಂಕಿಗೆ ಇದನ್ನು ಬರೆಯಬೇಡಿ ಅಂತಲೇ ಹೇಳಿತು.

ಭೇದಿಗೆ ಆಫ್ಲಾಕ್ಸಾಸಿನ್ ಆರ್ನಿಡಜೋಲ್ ಸೇರಿಸಿದ ಗುಳಿಗೆ ಕೇಳೋದು ನಮ್ಮಲ್ಲಿ ಒಂದು ಚಟ. ಸಾದಾ ನೀರು ಭೇದಿಗೆ ಓಆರ್‌ಎಸ್ ಸಾಕು, ಮಕ್ಕಳಿಗಾದರೆ ಜೊತೆಗೆ ಜಿಂಕ್. ರಕ್ತ ಬಿದ್ದರೆ, ಜ್ವರ ಜೋರಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ಗಿರಣಿ ಮುಂದೆ
ಮೆಟ್ರೊನಿಡಜೋಲ್ ತೊಗೊಂಡು ಎಣ್ಣೆ ಹಾಕಿದರೆ ಏನಾಗುತ್ತೆ? ಗೆಳೆಯನಿಗೋಸ್ಕರ ಕೇಳುತ್ತಿದ್ದೇನೆ.

ನೈಟ್ ಡ್ಯೂಟಿ ಅಕ್ಕ
ನಿಮ್ಮ ಗೆಳೆಯನಿಗೆ ಹೇಳಿ, ಮುಖ ಕೆಂಪಾಗಿ, ಎದೆ ಡವಡವ ಹೊಡೆದುಕೊಂಡು, ವಾಂತಿ ಬರಬಹುದು. ಗುಳಿಗೆ ಮುಗಿದು ಮೂರು ದಿನ ಆಗೋವರೆಗೂ ಮುಟ್ಟಬೇಡ ಅಂತ ನಾವು ಹೇಳೋದು. ಗುಳಿಗೆ ಆಮಶಂಕೆಗೆ, ವಸಡಿನ ಕೀವಿಗೆ ಒಳ್ಳೆಯದು, ಆದರೆ ಬಾಯೆಲ್ಲಾ ಕಬ್ಬಿಣ ನೆಕ್ಕಿದ ರುಚಿ ಬರುತ್ತೆ, ಊಟ ಸೇರೋದಿಲ್ಲ. ಮಿರ್ಚಿ ಬಜ್ಜಿ ಕೂಡ ರುಚಿಸಲ್ಲ.

ಗಿರಣಿ ಮುಂದೆ
ಮಿರ್ಚಿ ಬಜ್ಜಿ ರುಚಿಸದ ಔಷಧ ಬಳ್ಳಾರಿಯಲ್ಲಿ ಮಾರೋದು ಕಷ್ಟ.

ಗದ್ದೆಬದು
ಎಲ್ಲರಿಗೂ ಸುದ್ದಿ ಹೇಳಲು ಬಂದೆ. ಕೊಪ್ಪಳದಲ್ಲಿ ಹೆಕ್ಕಳೆ ನೋಡಿದ ತಕ್ಷಣ ಡಾಕ್ಟರಮ್ಮ ಪಕ್ಕದ ಹುಡುಗ ಡಾಕ್ಟರನ್ನು ಕರೆದು ತೋರಿಸಿದರು. ರಕ್ತ ಕಳಿಸಿದರು, ಬ್ಲಡ್ ಕಲ್ಚರೂ ಕಳಿಸಿದರು. ರಿಪೋರ್ಟಿಗೆ ಕಾಯದೆ ಅದೇ ದಿನ ಡಾಕ್ಸಿಸೈಕ್ಲಿನ್ 100 ಶುರು ಮಾಡಿದರು, ಬೆಳಗ್ಗೆ ಒಂದು ರಾತ್ರಿ ಒಂದು. ಎರಡನೇ ದಿನ ಸಂಜೆಗೆ ಬೆವರಿ ಜ್ವರ ಬಿಟ್ಟಿತು. ಆಮೇಲೆ ರಿಪೋರ್ಟಲ್ಲೂ ಸ್ಕ್ರಬ್ ಟೈಫಸ್ ಪಾಸಿಟಿವ್. ಕಲ್ಚರಲ್ಲಿ ಏನೂ ಬೆಳೆಯಲಿಲ್ಲ. ಅವ್ವ ಗಂಜಿ ಬಿಟ್ಟು ರೊಟ್ಟಿ ಕೇಳುತ್ತಿದ್ದಾಳೆ.

ಈಗ ಇನ್ನೊಂದು ಚಿಂತೆ. ಈ ಗುಳಿಗೆ ಹೀಟ್ ಆಗುತ್ತೆ, ಹಾಲು ಮಜ್ಜಿಗೆ ಜಾಸ್ತಿ ಕೊಡಿ ಅಂತಾರೆ ಊರವರು. ಕೊಡಬಹುದಾ?

ಚೀಟಿ ತೋರ್ಸಿ
ಒಳ್ಳೆ ಸುದ್ದಿ. ಹೀಟ್ ಅಂತ ಜನ ಹೇಳೋದು ಬಾಯಿ ಹುಣ್ಣು, ಹೊಟ್ಟೆ ಉರಿ, ಭೇದಿ ಇವನ್ನೇ. ಆಂಟಿಬಯೋಟಿಕ್ ಕೆಟ್ಟ ಬ್ಯಾಕ್ಟೀರಿಯಾ ಜೊತೆ ಕರುಳಿನ ಒಳ್ಳೆಯವನ್ನೂ ಸಾಯಿಸುತ್ತೆ, ಅದರಿಂದ ಆಗೋದು. ಮಜ್ಜಿಗೆ ಕುಡೀಲಿ, ಗುಳಿಗೆ ಜೊತೆ ಮಾತ್ರ ಬೇಡ, ಎರಡು ಗಂಟೆ ಅಂತರ ಇರಲಿ. ಡಾಕ್ಸಿಗೆ ಹಾಲು ಮಜ್ಜಿಗೆಯಿಂದ ಸ್ವಲ್ಪ ಅಡ್ಡಿ, ರಕ್ತಹೀನತೆಗೆ ಕೊಡುವ ಕಬ್ಬಿಣದ ಗುಳಿಗೆ, ಗ್ಯಾಸ್ ಸಿರಪ್ ಇವುಗಳಿಂದ ಜಾಸ್ತಿ ಅಡ್ಡಿ. ಸಿಪ್ರೋ ಆದರೆ ಮೊಸರು ಹಾಲು ಕೂಡ ಚೆನ್ನಾಗಿಯೇ ತಡೆಯುತ್ತೆ.

ಗುಳಿಗೆಯನ್ನು ದೊಡ್ಡ ಲೋಟ ನೀರಲ್ಲಿ ನುಂಗಿಸಿ, ನುಂಗಿ ಅರ್ಧ ಗಂಟೆ ಮಲಗಬಾರದು. ಇಲ್ಲಾಂದರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣಾಗುತ್ತೆ, ನೀರು ನುಂಗಿದರೂ ಎದೆ ಉರಿಯುತ್ತೆ. ಖಾಲಿ ಹೊಟ್ಟೆಗೆ ಬೇಡ.

ಬಿಸಿಲೂರು
ಬಿಸಿಲಿಗೂ ಆಗಲ್ಲ ಅಂತ ಕೇಳಿದ್ದೆ?

ಚೀಟಿ ತೋರ್ಸಿ
ಹೌದು, ಅದನ್ನು ಬರೆಯೋದು ಮರೆಯಬಾರದು. ಡಾಕ್ಸಿ ತೊಗೊಳ್ಳುವಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತೆ. ಅವ್ವನನ್ನು ಗುಳಿಗೆ ಮುಗಿಯೋವರೆಗೂ ಗದ್ದೆಗೆ ಕಳಿಸಬೇಡಿ. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಡಾಕ್ಟರ್ ಕೇಳದೆ ಕೊಡಲೇಬಾರದು, ಟೆಟ್ರಾಸೈಕ್ಲಿನ್ ಗುಂಪಿನವು ಬೆಳೆಯುವ ಹಲ್ಲಿಗೆ ಕಲೆ ಹಿಡಿಸುತ್ತವೆ.

ಮಾನ್ವಿ ಮೇಷ್ಟ್ರು
ಟೆಟ್ರಾಸೈಕ್ಲಿನ್ ಗುಂಪನ್ನು ಕಂಡುಹಿಡಿದವರು ನಮ್ಮವರೇ ಗೊತ್ತಾ? ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯೆಲ್ಲಪ್ರಗಡ ಸುಬ್ಬರಾವ್. ನಮ್ಮ ಪಠ್ಯಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಸುಮ್ನೆ ಕೇಳ್ದೆ
ಮೇಷ್ಟ್ರೇ, ಸ್ವಲ್ಪ ತಿದ್ದುಪಡಿ. ಆ ಗುಂಪಿನ ಮೊದಲ ಔಷಧ ಆರಿಯೋಮೈಸಿನ್, ಅದನ್ನು ಮಣ್ಣಿನಿಂದ ತೆಗೆದವರು ಬೆಂಜಮಿನ್ ಡಗ್ಗರ್. ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಆಗ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಸುಬ್ಬರಾವ್. 1948ರಲ್ಲಿ ಔಷಧ ಹೊರಗೆ ಬಂತು, ಅದೇ ವರ್ಷ ಅವರು ತೀರಿಕೊಂಡರು.

ಮಾನ್ವಿ ಮೇಷ್ಟ್ರು
ಮುಖ್ಯಸ್ಥರಿಲ್ಲದೆ ಆಗುತ್ತಿತ್ತಾ?

ಇಬ್ಬರ ಅಮ್ಮ
ನಡುವೆ ಬಂದೆ ಅಂತ ಬೈಬೇಡಿ. ಮಗನ ಕಿವಿ ಸೋರುತ್ತಿದೆ ಅಂತ ಡಾಕ್ಟರು ಪುಡಿ ಇರುವ ಬಾಟಲಿ ಸಿರಪ್ ಕೊಟ್ಟಿದ್ದಾರೆ, ಅಮಾಕ್ಸಿಸಿಲಿನ್ ಕ್ಲಾವುಲಾನಿಕ್ ಅಂತ ಇದೆ. ನೀರು ಎಷ್ಟು ಹಾಕಬೇಕು ಅಂತ ಅಂಗಡಿಯವರು ಹೇಳಲೇ ಇಲ್ಲ. ಒಂದು ಚಮಚ ಅಂದರೆ ಮನೆ ಚಮಚದಲ್ಲಿ ಕೊಡಬಹುದಾ? ಹಳೇ ಬಾಟಲಿ ಒಂದು ಅರ್ಧ ಉಳಿದಿದೆ, ಕಳೆದ ತಿಂಗಳದು.

ಚೀಟಿ ತೋರ್ಸಿ
ಹಳೇದನ್ನು ಕೊಡಬೇಡಿ ಅಮ್ಮ. ನೀರು ಕಲಸಿದ ಮೇಲೆ 7 ದಿನಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ.

ಹೊಸ ಬಾಟಲಿ ಹೀಗೆ ಮಾಡಿ. ಮೊದಲು ಬಾಟಲಿಯನ್ನು ತಟ್ಟಿ ಪುಡಿ ಸಡಿಲ ಮಾಡಿಕೊಳ್ಳಿ, ತಳದಲ್ಲಿ ಗಟ್ಟಿಯಾಗಿ ಕೂತಿರುತ್ತೆ. ಕಾಯಿಸಿ ಪೂರ್ತಿ ಆರಿಸಿದ ನೀರು ತೊಗೊಳ್ಳಿ. ಲೇಬಲ್ ಮೇಲೆ ಅಥವಾ ಗಾಜಿನ ಮೇಲೆ ಒಂದು ಗೆರೆ ಇರುತ್ತೆ. ಮೊದಲು ಗೆರೆಗಿಂತ ಸ್ವಲ್ಪ ಕೆಳಗಿನವರೆಗೆ ನೀರು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಅಲ್ಲಾಡಿಸಿ. ನೊರೆ ಇಳಿದ ಮೇಲೆ ನೋಡಿದರೆ ಮಟ್ಟ ಕೆಳಗೆ ಬಂದಿರುತ್ತೆ, ಆಗ ಗೆರೆವರೆಗೂ ತುಂಬಿಸಿ ಮತ್ತೆ ಅಲ್ಲಾಡಿಸಿ. ಬಾಟಲಿ ಜೊತೆ ನೀರಿನ ಟ್ಯೂಬೇ ಕೊಟ್ಟಿದ್ದರೆ ಅದನ್ನೇ ಹಾಕಿ. ಕಲಸಿದ ತಾರೀಖು ಬಾಟಲಿ ಮೇಲೆ ಬರೆಯಿರಿ. ಕೊಡುವ ಮುಂಚೆ ಪ್ರತಿ ಸಲ ಅಲ್ಲಾಡಿಸಬೇಕು. ಇಲ್ಲಾಂದರೆ ಔಷಧ ತಳಕ್ಕೆ ಕೂತು, ಮೊದಲ ದಿನಗಳಲ್ಲಿ ಕಡಿಮೆ, ಕೊನೆಗೆ ಜಾಸ್ತಿ ಹೋಗುತ್ತೆ. ಮನೆ ಚಮಚ ಬೇಡ, ಒಂದೊಂದು ಒಂದೊಂದು ಅಳತೆ. ಚೀಟಿಯಲ್ಲಿ ಎಂಎಲ್ ಎಷ್ಟು ಬರೆದಿದ್ದಾರೆ ನೋಡಿ, ಗೆರೆ ಇರುವ ಮುಚ್ಚಳದಲ್ಲೋ ಸೂಜಿ ಇಲ್ಲದ ಸಿರಿಂಜಲ್ಲೋ ಅಳೆದು ಕೊಡಿ.

ಇಬ್ಬರ ಅಮ್ಮ
ಫ್ರಿಜ್ ಇಲ್ಲ ನಮ್ಮಲ್ಲಿ.

ಚೀಟಿ ತೋರ್ಸಿ
ಹಾಗಾದರೆ ನೀರು ಕಲಸುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಕ್ಲಾವುಲಾನಿಕ್ ಇರುವ ಸಿರಪ್ಪನ್ನು ಈ ಬಿಸಿಲಲ್ಲಿ ಹೊರಗೆ ಇಟ್ಟರೆ ಕೆಡುತ್ತೆ. ನೀರಲ್ಲಿ ಕರಗುವ ಗುಳಿಗೆ ಸಿಗುತ್ತೆ, ಮಗುವಿನ ತೂಕಕ್ಕೆ ಆಗುತ್ತಾ ಅಂತ ಅವರೇ ನೋಡಿ ಬರೆದುಕೊಡುತ್ತಾರೆ. ಅದೂ ಆಗದಿದ್ದರೆ ಪಕ್ಕದ ಮನೆಯವರ ಫ್ರಿಜ್ಜಲ್ಲಿ ಜಾಗ ಕೇಳಿ. ಕೆಳಗಿನ ಖಾನೆಯಲ್ಲಿ ಇಡಲು ಹೇಳಿ, ಐಸ್ ಆಗುವ ಕಡೆ ಬೇಡ.